ಪಂದ್ಯದ ಕಲ್ಲು

"ಮೇಡಂ, ಈ ಮ್ಯೂಸಿಯಂನಲ್ಲಿ ಕಲ್ಲುಗಳಿಗೆ ಸ್ನಾನ ಮಾಡಿಸೋರು ಯಾರೂ ಇಲ್ವಾ?"

ಏಣಿಯ ಮೇಲೆ ನಿಂತು ಬಲ್ಬ್ ಬದಲಿಸುತ್ತಿದ್ದವಳ ಕೈ ಹಾಗೇ ನಿಂತಿತು. ದನಿ ಯಾರದೆಂದು ತಿರುಗಿ ನೋಡುವ ಮೊದಲೇ ಗೊತ್ತಾಗಿತ್ತು. ಶಿಲಾವಿಭಾಗವನ್ನು ಹೊಸದಾಗಿ ಜೋಡಿಸಲು ಒಬ್ಬ ಭೂವಿಜ್ಞಾನಿ ಬರುತ್ತಾರೆ, ತಮ್ಮ ಸಂಗ್ರಹವನ್ನೂ ಕೊಡುತ್ತಾರೆ ಎಂದಷ್ಟೇ ಮೇಲಿನವರು ಹೇಳಿದ್ದರು. ಆ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಅವಳು ಹೆಸರು ಕೇಳಿರಲಿಲ್ಲ.

"ಇದಾರೆ," ಎಂದಳು ಏಣಿ ಇಳಿಯದೆ. "ಬರೋದು ಸ್ವಲ್ಪ ತಡವಾಯ್ತು."

ಅವನು ನಕ್ಕ. ಕಾಲೇಜಿನಲ್ಲಿ ಎಲ್ಲರೂ ಅವನನ್ನು ಸುತ್ತಿಗೆ ಎಂದೇ ಕರೆಯುತ್ತಿದ್ದರು. ಸೊಂಟದ ಬೆಲ್ಟಿನಿಂದ ಅದು ಇಳಿದದ್ದನ್ನು ಕಂಡವರಿರಲಿಲ್ಲ. ಈಗ ಬೆಲ್ಟ್ ಇತ್ತು, ಸುತ್ತಿಗೆ ಇರಲಿಲ್ಲ, ಕೂದಲು ಬೂದಿಯ ಬಣ್ಣಕ್ಕೆ ತಿರುಗಿತ್ತು. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲೇ ಕಿರಿದಾಗುವುದು ಮಾತ್ರ ಹಾಗೇ ಇತ್ತು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಕೆಲಸ ಶುರುವಾಯಿತು. ಕೋಣೆಯಲ್ಲಿ ಮೂರು ಗಾಜಿನ ಪೆಟ್ಟಿಗೆಗಳಿದ್ದವು. ಮೊದಲನೆಯದು ಭೂಮಿಯ ಒಳಗಿನ ಬೆಂಕಿ ತಣ್ಣಗಾಗಿ ಹುಟ್ಟಿದ ಅಗ್ನಿಶಿಲೆಗಳಿಗೆ. ಎರಡನೆಯದು ನೀರಿನ ತಳದಲ್ಲಿ ಮರಳು, ಮಣ್ಣು ಒಂದರ ಮೇಲೊಂದು ಕೂತು ಗಟ್ಟಿಯಾದ ಪದರು ಶಿಲೆಗಳಿಗೆ. ಮೂರನೆಯದು, ಇವೆರಡೂ ಭಾರಕ್ಕೆ, ಕಾವಿಗೆ ಸಿಕ್ಕಿ ತಮ್ಮ ಮೊದಲಿನ ಗುರುತನ್ನೇ ಕಳೆದುಕೊಂಡ ರೂಪಾಂತರ ಶಿಲೆಗಳಿಗೆ. ಪೆಟ್ಟಿಗೆಯ ಗಾಜಿನ ಮುಚ್ಚಳ ಒಬ್ಬರಿಂದ ಎತ್ತಲಾಗುವಂಥದ್ದಲ್ಲ. ಪ್ರತಿ ಸಲವೂ ಅವನು ಆ ಕಡೆ, ಅವಳು ಈ ಕಡೆ.

"ಹಟಮಾರಿ, ನಿಧಾನ. ನೀನು ಮೊದಲಿಂದಲೂ ಅವಸರದವಳು."

"ಮೇಡಂ ಅನ್ನಿ ಸಾರ್. ಆಫೀಸಿದು."

"ಮೇಡಂ ಹಟಮಾರಿಯವರೇ, ನಿಧಾನ."

ಅವಳು ನಗಬಾರದೆಂದುಕೊಂಡಿದ್ದಳು. ಮುಚ್ಚಳ ಕೈಯಲ್ಲಿತ್ತು, ಬಾಯಿ ಮುಚ್ಚಿಕೊಳ್ಳಲು ಕೈ ಬಿಡುವಿರಲಿಲ್ಲ. ಗಾಜಿನ ಆಚೆಯಿಂದ ಅವನು ಆ ನಗುವನ್ನು, ಬಹಳ ದಿನ ಕಾದಿದ್ದವನಂತೆ ನೋಡಿದ.

ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾದವೆಂದು ಒಂದು ಮಧ್ಯಾಹ್ನ, ಕಲ್ಲು ಒರೆಸುತ್ತಾ ಹೇಳಿದ. ನೀನ್ಯಾಕೆ ಮದುವೆಯಾಗಲಿಲ್ಲ ಎಂದು ಅವನು ಕೇಳಲಿಲ್ಲ. ಕೇಳದೇ ಇದ್ದದ್ದು ಅವಳಿಗೆ ಒಳ್ಳೆಯತನದಂತೆ ಕಂಡಿತು.

ಮನೆಯಲ್ಲಿ ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕಲ್ಲುಗಳಿಗೋಸ್ಕರ ಹೊಸ ಸೀರೆನಾ?"

"ಹಳೇದು ಹರಿದಿತ್ತು."

"ಎಲ್ಲಾನೂ ಒಂದೇ ವಾರದಲ್ಲಿ ಹರೀತಾ?" ಎಂದು ಅಕ್ಕ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು, "ಈ ಸಲ ಪಂದ್ಯಗಿಂದ್ಯ ಕಟ್ಬೇಡ. ಬಾಯಿಬಿಟ್ಟು ಹೂಂ ಅನ್ನು."

ಪಂದ್ಯ. ಅದನ್ನು ಅಕ್ಕನೂ ಮರೆತಿರಲಿಲ್ಲ.

ಕಾಲೇಜಿನ ಕೊನೆಯ ಪ್ರವಾಸದಲ್ಲಿ, ಒಂದು ಒಣ ಹಳ್ಳದಲ್ಲಿ ಆ ಕಲ್ಲು ಸಿಕ್ಕಿತ್ತು. ಬನ್ನಿನ ಆಕಾರ, ಕಂದು ಬಣ್ಣ, ನಡುವೆ ದಾರ ಸುತ್ತಿದಂತೆ ಒಂದು ಬಿಳಿ ಗೆರೆ. ಅವನಿಗೆ ದೂರದ ಗಣಿಯಲ್ಲಿ ಕೆಲಸ ಸಿಕ್ಕಿತ್ತು. "ಬರ್ತೀಯಾ ನನ್ನ ಜೊತೆ?" ಎಂದು ಕೇಳಿದ್ದ. ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ಬರುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ, ಬರುವುದಿಲ್ಲ ಎನ್ನಲು ಜೀವ ಒಪ್ಪಲಿಲ್ಲ. ಕೈಯಲ್ಲಿದ್ದ ಕಲ್ಲನ್ನೇ ಅವಳು ಮುಂದೆ ಮಾಡಿದ್ದಳು.

"ಇದು ಮರಳುಗಲ್ಲು ಅಂತ ನಾನು. ನೀನು?"

"ಕ್ವಾರ್ಟ್ಜೈಟ್. ಮರಳುಗಲ್ಲು ಬೆಂದು ಬೇರೇನೇ ಆಗಿರೋದು."

"ನೀನು ಗೆದ್ರೆ ಬರ್ತೀನಿ. ಇಲ್ಲಿ ಬೇಡ, ಮನೇಲಿ ಒಡೆದು ನೋಡಿ ನಾಳೆ ಹೇಳು."

ಹೊರಗಿನ ಸಿಪ್ಪೆ ಬಿಸಿಲು ಮಳೆಗೆ ಮಾಸಿದ್ದರೆ ಎರಡೂ ಒಂದೇ ಥರ ಕಾಣುತ್ತವೆ. ಕಲ್ಲಿನ ಕೆಲಸದವರು ಹೊರಮೈ ನೋಡಿ ತೀರ್ಮಾನಿಸುವುದಿಲ್ಲ, ಒಡೆದು ಹೊಸ ಮುಖ ನೋಡುತ್ತಾರೆ. ಮರಳುಗಲ್ಲಾದರೆ ಬಿರುಕು ಕಣಗಳ ನಡುವೆ ಬಳಸಿಕೊಂಡು ಹೋಗುತ್ತದೆ, ಒಡೆದ ಜಾಗ ಸಕ್ಕರೆಯಂತೆ ತರಿತರಿ. ಕ್ವಾರ್ಟ್ಜೈಟಿನಲ್ಲಿ ಕಣ ಕಣವೂ ಒಂದಾಗಿ ಬೆಸೆದಿರುತ್ತವೆ. ಬಿರುಕು ಅವುಗಳನ್ನು ಸೀಳಿಕೊಂಡೇ ಹೋಗಬೇಕು, ಒಡೆದ ಜಾಗ ಗಾಜಿನಂತೆ ಹೊಳೆಯುತ್ತದೆ.

ಕಲ್ಲನ್ನು ಅವನ ಕೈಗೆ ಕೊಡುವ ಮೊದಲು ಅವಳು ಅದನ್ನು ಬಂಡೆಗೆ ಮೆಲ್ಲಗೆ ತಟ್ಟಿದ್ದಳು. ಟಣ್ಣೆಂದಿತ್ತು. ಮರಳುಗಲ್ಲು ಹಾಗೆ ಅನ್ನುವುದಿಲ್ಲ. ಸೋಲುವುದು ಖಚಿತವೆಂದು ತಿಳಿದೇ ಅವಳು ಪಂದ್ಯ ಕಟ್ಟಿದ್ದಳು. ಅದೇ ಸಂಜೆ ಅಕ್ಕನ ಬಳಿ, "ಅಮ್ಮನ್ನ ನೀನು ನೋಡ್ಕೋತೀಯಾ?" ಎಂದು ಕೇಳಿ ಒಪ್ಪಿಸಿಯೂ ಇದ್ದಳು.

ಮಾರನೆಯ ದಿನ ಅವನು ಬಾಗಿಲಲ್ಲೇ ನಿಂತು, "ಒಡೆದು ನೋಡಿದೆ. ಮರಳುಗಲ್ಲೇ. ನೀನೇ ಗೆದ್ದೆ ಕಣೇ," ಎಂದಿದ್ದ. ಒಳಗಿನಿಂದ ಅಮ್ಮ ಕರೆಯುತ್ತಿದ್ದಳು. ಅವಳು ತನ್ನ ಕಿವಿ ಕೇಳಿದ್ದನ್ನು ಬಿಟ್ಟು ಅವನ ಮಾತನ್ನು ನಂಬಿದ್ದಳು. ಆಮೇಲಿನ ವರ್ಷಗಳಲ್ಲಿ, ಹೂಂ ಎನ್ನುವ ಬದಲು ಪಂದ್ಯ ಕಟ್ಟಿ ತನ್ನ ಬದುಕನ್ನು ತಾನೇ ಕೆಡಿಸಿಕೊಂಡೆನೆಂದು ಎಷ್ಟು ಸಲ ತನ್ನನ್ನೇ ಬೈದುಕೊಂಡಿದ್ದಳೋ.

ಕೆಲಸ ಮುಗಿಯುತ್ತಾ ಬಂದಾಗ ಅವನು ತನ್ನ ಸಂಗ್ರಹದ ಕೊನೆಯ ಡಬ್ಬ ತಂದು ಮೇಜಿನ ಮೇಲಿಟ್ಟ. "ಇದನ್ನ ನೀನೇ ಬಿಚ್ಚು," ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತ.

ಪೇಪರಿನ ಸುತ್ತು ಬಿಚ್ಚಿದಳು. ಕಂದು ಸಿಪ್ಪೆ. ನಡುವೆ ಬಿಳಿ ಗೆರೆ. ಅರ್ಧ ಬನ್ನು.

ಲೆನ್ಸ್ ಬೇಕಾಗಲಿಲ್ಲ. ಹೆಬ್ಬೆರಳು ಆಡಿಸಿದಳು, ಒಂದೇ ಒಂದು ತರಿಯೂ ಸಿಗಲಿಲ್ಲ. ಬಿರುಕು ಬಿಳಿ ಗೆರೆಯನ್ನೂ ಕಣಗಳನ್ನೂ ಸೀಳಿಕೊಂಡು ನೇರ ಹೋಗಿತ್ತು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಫಳಕ್ಕನೆ ಹೊಳೆಯಿತು.

"ಕ್ವಾರ್ಟ್ಜೈಟ್," ಎಂದಳು.

"ಹೂಂ."

"ನೀವು ಗೆದ್ದಿದ್ರಿ."

ಅವನು ತಿರುಗಲಿಲ್ಲ. "ಅಮ್ಮನ್ನ ಆ ಸ್ಥಿತಿಯಲ್ಲಿ ಬಿಟ್ಟು ಬಂದಿದ್ರೆ ನೀನು ದಿನಾ ಅಳ್ತಿದ್ದೆ. ನಿನಗೋಸ್ಕರಾನೇ…"

"ಇದು ಹೊರಗಿನ ಸಿಪ್ಪೆ," ಎಂದು ಅವಳು ತಡೆದಳು. ದನಿ ಏರಲಿಲ್ಲ. "ಒಡೆದು ಹೇಳಿ."

ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದ ಸದ್ದು. ಅದು ದೂರವಾದ ಮೇಲೆ ಅವನು ಇತ್ತ ತಿರುಗಿದ.

"ಹೆದರಿಕೆ ಆಯ್ತು," ಎಂದ ಕೊನೆಗೆ. "ಎಲ್ಲಾ ಬಿಟ್ಟು ಬಂದವಳನ್ನ ಜೀವನಪೂರ್ತಿ ಸಂತೋಷವಾಗಿ ಇಡ್ಬೇಕಲ್ಲ. ನನ್ನ ಕೈಲಿ ಆಗಲ್ಲ ಅನ್ನಿಸ್ತು. ನೀನು ಗೆದ್ದೆ ಅಂದ್ರೆ ಯಾರಿಗೂ ನೋವಾಗಲ್ಲ ಅಂದ್ಕೊಂಡೆ."

"ಯಾರಿಗೂ," ಎಂದಳು ಅವಳು.

ಅವನು ಹತ್ತಿರ ಬಂದ. "ಈಗ ಆ ಹೆದರಿಕೆ ಇಲ್ಲ. ನಿನ್ನ ಜೊತೆ ಬದುಕ್ಬೇಕು ಅಂತ ಆಸೆ ಇದೆ. ಅದಕ್ಕೇ ಇದನ್ನ ತಂದೆ."

"ಆಗಲೂ ಕಲ್ಲಿನ ಹೆಸರಲ್ಲಿ ತಪ್ಪಿಸ್ಕೊಂಡ್ರಿ, ಈಗಲೂ ಕಲ್ಲನ್ನೇ ಮುಂದೆ ಬಿಟ್ರಿ. ಬಾಯಿ ಇದ್ಯಲ್ಲ ನಿಮಗೆ?"

"ಹಟಮಾರಿ, ಗೋಡೆ ಮೇಲೆ ನಾವೇ ಬರೆಸಿದೀವಿ ನೋಡು. ಯಾವ ಕಲ್ಲೂ ಇದ್ದ ಹಾಗೇ ಇರಲ್ಲ. ಇದೂ ಒಂದಿನ ಸವೆದು ಮರಳಾಗತ್ತೆ. ಹೊಸದಾಗಿ ಕೂರತ್ತೆ."

"ಆಗತ್ತೆ. ಭೂಮಿಗೆ ಪುರುಸೊತ್ತಿದೆ." ಅವಳು ಕಲ್ಲನ್ನು ಎತ್ತಿಕೊಂಡಳು. "ನನಗಿಲ್ಲ. ಬನ್ನಿ, ಮುಚ್ಚಳ ಹಿಡೀರಿ."

ಮೂರನೆಯ ಪೆಟ್ಟಿಗೆಯಲ್ಲಿ ಒಂದು ಜಾಗ ಖಾಲಿ ಇತ್ತು. ಒಡೆದ ಮುಖ ನೋಡುವವರ ಕಡೆ ಬರುವಂತೆ ಕಲ್ಲನ್ನಿಟ್ಟಳು. ಇಬ್ಬರೂ ಗಾಜನ್ನು ಎತ್ತಿ ಕೂರಿಸತೊಡಗಿದರು. ಗಾಜಿನಾಚೆ ಅವನ ಮುಖ, ಮೊದಲಿನಷ್ಟೇ ಹತ್ತಿರದಲ್ಲಿ. ಈ ಸಲ ಎಡಗಣ್ಣೂ ಬಲಗಣ್ಣೂ ಒಟ್ಟಿಗೇ ತುಂಬಿಕೊಂಡವು. ಅವಳಿಗೆ ಒರೆಸಲು ಕೈ ಎತ್ತಬೇಕೆನಿಸಿತು. ಗಾಜು ಅವಳ ಕೈಯಲ್ಲೇ ಇತ್ತು.

"ಹುಷಾರು, ಬೆರಳು," ಎಂದಳು.

ಅವನು ಬೆರಳು ತೆಗೆದ. ಬಾಗಿಲ ಬಳಿ ಒಮ್ಮೆ ನಿಂತ. ಅವಳು ಸ್ಕ್ರೂ ಬಿಗಿಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

ಅವನ ಹೆಜ್ಜೆ ಸದ್ದು ಪೂರ್ತಿ ಅಡಗಿದ ಮೇಲೆ ಅಕ್ಕನಿಗೆ ಫೋನ್ ಮಾಡಿದಳು.

"ಕೇಳಿದ್ನಾ?" ಅಕ್ಕನ ದನಿಯಲ್ಲಿ ಸಡಗರ. "ಹೂಂ ಅಂದ್ಯಾ?"

"ಅಕ್ಕಾ, ಅದು ಕ್ವಾರ್ಟ್ಜೈಟ್ ಆಗಿತ್ತು."

"ಯಾವುದೇ?"

"ಆ ಕಲ್ಲು. ನಾನು ಸೋತಿದ್ದೆ ಅಕ್ಕಾ. ಯಾರೂ ನನಗೆ ಹೇಳಿರಲಿಲ್ಲ."

ಅಕ್ಕ, ಅವಳು ಚಿಕ್ಕವಳಿದ್ದಾಗ ಬಿದ್ದು ಮಂಡಿ ತರಚಿಕೊಂಡು ಬಂದರೆ ಕರೆಯುತ್ತಿದ್ದ ಹಾಗೆ, "ಮನೆಗೆ ಬಾ," ಎಂದಳು.