ಸಾವಿರದ ನೂರ ಎರಡನೇ ಗಂಟೆ

ಮನೆಯ ಗೇಟಿನ ಬಳಿ ನಿಂತಿದ್ದ ಸುಜನ್, ರಿಕ್ಷಾದಿಂದ ಇಳಿದ ಅವಳನ್ನು ದಾಟಿ ಒಳಗೆ ಇಣುಕಿದ.

"ಮೆಕ್ಯಾನಿಕ್ ಇಳಿಲಿಲ್ವಾ?"

"ಇಳಿದಾಯ್ತು," ಅಂದಳು ಅಮಿತಾ. "ನಿಮ್ಮ ಮುಂದೆಯೇ ನಿಂತಿದ್ದಾಳೆ."

ಅವನ ಕಿವಿ ಕೆಂಪಾಯಿತು. "ಸಾರಿ ಮಾರಾಯ್ರೆ," ಅಂದು ಲ್ಯಾಪ್‌ಟಾಪ್ ಬ್ಯಾಗಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಆದರೆ ತಿರುಗಿಕೊಂಡು ಒಂದಿಷ್ಟು ನಕ್ಕಳು.

ಎರಡು ಸಾವಿರದ ಹದಿಮೂರರ ಡಿಸೆಂಬರ್. ಮುಂಬಯಿ ಬಳಿಯ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಗಾಳಿಯಲ್ಲಿ ಎಂದಿನಂತೆ ಕೆಮಿಕಲ್ ವಾಸನೆ, ಆಕಾಶ ಬೂದಿ ಬಣ್ಣ. ಅಮಿತಾ ತುರ್ಭೆಯ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದಳು. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರ ಪರವಾಗಿ ಹೋಗಿ ಕಾರನ್ನು ಪರೀಕ್ಷಿಸಿ ವರದಿ ಕೊಡುವುದು ಅವಳ ಕೆಲಸ. ಇವತ್ತು ಸುಜನ್ ಮಾರಲಿದ್ದ ಕಾರನ್ನು ನೋಡಲು ಅವಳನ್ನು ಕಳಿಸಿದವರು ಠಾಣೆಯಲ್ಲಿ ಹೋಟೆಲ್ ನಡೆಸುವ ತಾರಾನಾಥ, ಸುಜನ್‌ನ ತಂದೆಯ ಹಳೆಯ ಸ್ನೇಹಿತರು.

ಮುಸುಕು ತೆಗೆದಾಗ ಕಾರು ಕಂಡಿತು: ಕೆಂಪು, ಎರಡೇ ಸೀಟು, ನೆಲಕ್ಕೆ ಅಂಟಿದ ಹಾಗೆ ಕೂತ ಜರ್ಮನ್ ಸ್ಪೋರ್ಟ್ಸ್ ಕಾರು. ಅವಳು ಟಯರು, ಪೇಂಟು, ಎಂಜಿನ್ನಿನ ಅಡಿಭಾಗ ಎಲ್ಲ ನೋಡುತ್ತಿದ್ದರೆ ಅವನು ಟಾರ್ಚ್ ಹಿಡಿದು ಹಿಂದೆ ಹಿಂದೆಯೇ ಬಂದ. ಒಂದೆರಡು ಸಲ ಬೆಳಕು ಎಂಜಿನ್ ಬಿಟ್ಟು ಅವಳ ಕೆನ್ನೆಯ ಮೇಲೆ ನಿಂತಿತು.

"ಅಲ್ಲಿ ಆಯಿಲ್ ಲೀಕ್ ಇಲ್ಲ," ಅಂದಳು.

ಅವನು ಗಡಿಬಿಡಿಯಲ್ಲಿ ಟಾರ್ಚ್ ತಗ್ಗಿಸಿದ. ಒಂದು ಮಾತ್ರ ಅವಳಿಗೆ ವಿಚಿತ್ರ ಅನ್ನಿಸಿತು. ಇಷ್ಟು ಹೊತ್ತಾದರೂ ಅವನು ಕಾರನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಕೊನೆಗೆ ಸ್ಟಿಯರಿಂಗ್ ಕೆಳಗೆ ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದಳು. ಎಂಜಿನ್ ಎಷ್ಟು ಸಲ ಮಿತಿ ಮೀರಿ ತಿರುಗಿದೆ, ಒಟ್ಟು ಓಟದ ಎಷ್ಟನೇ ಗಂಟೆಯಲ್ಲಿ, ಎಲ್ಲವನ್ನೂ ಇಂಥ ಕಾರುಗಳ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ.

"ನೀವಲ್ಲದೆ ಬೇರೆ ಯಾರಾದರೂ ಓಡಿಸಿದ್ದಾರಾ?"

"ಇಲ್ಲ."

"ಸಾವಿರದ ನೂರ ಎರಡನೇ ಗಂಟೆಯಲ್ಲಿ ಎಂಜಿನ್ ಮಿತಿಗಿಂತ ತುಂಬ ಮೇಲೆ ಹೋಗಿದೆ. ಆ್ಯಕ್ಸಿಲರೇಟರ್ ಒತ್ತಿದರೆ ಇಷ್ಟು ಆಗೋದಿಲ್ಲ, ಕಂಪ್ಯೂಟರೇ ತಡೀತದೆ. ವೇಗದಲ್ಲಿ ತಪ್ಪು ಗೇರಿಗೆ ಹಾಕಿದ್ರೆ ಮಾತ್ರ ಆಗೋದು. ಐದರಿಂದ ನಾಲ್ಕರ ಬದಲು ಎರಡಕ್ಕೆ. ಆಮೇಲೆ ಕಾರು ಮೂರು ಗಂಟೆಯೂ ಓಡಿಲ್ಲ."

ಸುಜನ್ ಮೆಟ್ಟಿಲ ಮೇಲೆ ಕುಸಿದು ಕೂತ.

"ಅಪ್ಪ ಪಕ್ಕದಲ್ಲಿದ್ರು," ಅಂದ.

ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ತಂದೆ ಪ್ರೇಮನಾಥರಿಗೆ ಎದೆನೋವು ಬಂದಿತ್ತು. ಮನೆಯಲ್ಲಿದ್ದದ್ದು ಈ ಎರಡು ಸೀಟಿನ ಕಾರೊಂದೇ, ಅಮ್ಮ ಮನೆಯಲ್ಲೇ ಉಳಿದರು. ಶಿಳ್ ರಸ್ತೆಯಲ್ಲಿ ಎದುರಿಗೆ ಬಸ್ಸೊಂದು ತಿರುಗಿದಾಗ ಗೇರು ಬದಲಿಸುವ ಅವನ ಕೈ ತಪ್ಪಿತು. ಎಂಜಿನ್ ಕಿರುಚಿತು, ಕಾರು ಅಡಿಯಿಂದ ಮುಡಿಯವರೆಗೆ ಜರ್ಕ್ ಹೊಡೆಯಿತು. ಅಪ್ಪ ಕಣ್ಣು ತೆರೆದು "ಮೆಲ್ಲ, ಮಗಾ" ಅಂದರು. ಆಸ್ಪತ್ರೆಗೆ ತಲುಪುವಾಗ ಅವರಿರಲಿಲ್ಲ.

"ದಾರಿಯಲ್ಲಿ ನಿದ್ದೆಯಲ್ಲೇ ಹೋದ್ರು ಅಂತ ಅಮ್ಮನಿಗೆ ಹೇಳಿದ್ದೇನೆ. ಆ ಜರ್ಕಿನಿಂದಲೇ ಹೋದ್ರು ಅಂತ ನಂಗೆ ಗೊತ್ತುಂಟು. ತಾರಾನಾಥಂಕಲ್ ಓದಿದ್ರೆ ಇದು ಯಾವತ್ತಿನದು ಅಂತ ಕೇಳ್ತಾರೆ, ಅಮ್ಮನಿಗೂ ತಿಳೀತದೆ." ಅವನು ತಲೆ ಎತ್ತಿದ. "ಆ ಒಂದು ಸಾಲು ಬಿಡ್ಲಿಕ್ಕೆ ಆಗ್ತದಾ?"

ಆ ಕಣ್ಣುಗಳನ್ನು ನೋಡಿ ಇಲ್ಲ ಅನ್ನುವುದು ಅವಳಿಗೆ ಸುಲಭವಿರಲಿಲ್ಲ.

"ಆಗೋದಿಲ್ಲ," ಅಂದಳು. "ಅವರು ನನ್ನನ್ನು ನಂಬಿ ಕಳಿಸಿದ್ದಾರೆ. ಏನಾಯ್ತು ಅಂತ ಬರೀತೇನೆ. ಯಾಕೆ ಅನ್ನೋದು ನಿಮ್ಮದು."

ವರದಿ ಓದಿದ ತಾರಾನಾಥ ಕಾರು ಬೇಡವೆಂದರು. ಪುಣ್ಯಕ್ಕೆ ಹೆಚ್ಚೇನೂ ಕೇಳಲಿಲ್ಲ. ಅಮಿತಾ ಆಮೇಲೆ ಎಷ್ಟೋ ಸಲ ಸುಜನ್‌ನ ನಂಬರ್ ತೆಗೆದು, ನೋಡಿ, ಫೋನ್ ಬದಿಗಿಟ್ಟಳು. ಏನಂತ ಕೇಳುವುದು?

ಮೂರು ವಾರದ ಮೇಲೆ ಆ ಕೆಂಪು ಕಾರು ರಿಕ್ಷಾಗಳಿಗೂ ದಾರಿ ಬಿಡುತ್ತಾ ತುರ್ಭೆಯ ಗ್ಯಾರೇಜಿಗೆ ಬಂತು. ಸುಜನ್ ಇಳಿದು ಕೀಲಿಯನ್ನು ಅವಳ ಮುಂದೆ ಹಿಡಿದ.

"ಒಳಗೆ ಏನಾಗಿದೆ ನೋಡಿ. ಪೂರ್ತಿ ನೋಡಿ."

ಅವಳು ಅರ್ಧ ದಿನ ತಗೊಂಡು ಒಂದೊಂದೇ ಸಿಲಿಂಡರಿಗೆ ಗಾಳಿ ತುಂಬಿ, ಎಲ್ಲಿಂದಾದರೂ ಸೋರುತ್ತಿದೆಯೇ ಎಂದು ಪರೀಕ್ಷಿಸಿದಳು. ಅವನು ಸ್ಟೂಲಿನ ಮೇಲೆ ಕೂತು ಅವಳ ಕೈಗಳನ್ನೇ ನೋಡುತ್ತಿದ್ದ. ಅವಳು ಕತ್ತೆತ್ತಿದಾಗೆಲ್ಲ ನೋಟ ಬಾಗಿಲ ಕಡೆ ಓಡುತ್ತಿತ್ತು.

"ಎಂಜಿನ್‌ಗೆ ಏನೂ ಆಗಿಲ್ಲ," ಅಂದಳು.

"ಏನೂ ಆಗಿಲ್ವಾ!" ಅಂದು ಅವನು ನಗಲು ಹೋದ. ನಗು ಅರ್ಧದಲ್ಲೇ ಒಡೆದು ಅಳುವಾಯಿತು. ಅವಳು ಗ್ರೀಸ್ ಅಂಟಿದ ಕೈಯನ್ನು ಒರೆಸಿಕೊಳ್ಳದೆಯೇ ಅವನ ಕೈ ಹಿಡಿದಳು.

"ಜರ್ಕಿನಿಂದ ಹೋದ್ರು ಅಂತ ಯಾವ ಡಾಕ್ಟರೂ ಹೇಳಿಲ್ಲ. ನೀವೇ ಹೇಳಿಕೊಳ್ತಾ ಇದ್ದೀರಿ. ಅಮ್ಮನಿಗೆ ಹೇಳಿಬಿಡಿ, ಸುಜನ್. ಒಬ್ಬರೇ ಎಷ್ಟು ದಿನ ಹೊರ್ತೀರಿ?"

"ಹೇಳಿದ್ರೆ ಅಮ್ಮನನ್ನೂ ಕಳ್ಕೊಳ್ತೇನೆ."

ಅವಳು ಅವನ ಕೈ ಬಿಡಲಿಲ್ಲ.

ಅವನು ಆ ಭಾನುವಾರ ಹೇಳಿಯೇಬಿಟ್ಟ. ಶುಕ್ರವಾರ ಸಂಜೆ ತುರ್ಭೆ ಸ್ಟೇಷನ್‌ನಲ್ಲಿ ಅಮಿತಾಳಿಗಾಗಿ ಕಾದು ನಿಂತಿದ್ದ. ಐದೇ ದಿನಕ್ಕೆ ಮುಖ ಇಳಿದುಹೋಗಿತ್ತು.

"ಅಮ್ಮ ಮಾತು ಬಿಟ್ಟಿದ್ದಾರೆ," ಅಂದ. "ಬಡಿಸಿ ಒಳಗೆ ಹೋಗ್ತಾರೆ. 'ಕೊನೇ ಮಾತು ಆಡಿದ್ರು, ಅದನ್ನೂ ನನ್ನಿಂದ ಮುಚ್ಚಿಟ್ಟೆಯಲ್ಲ' ಅಂತ ಒಂದೇ ಸಲ ಹೇಳಿದ್ದು."

ಬೆಂಚಿನ ಮೇಲೆ ಇಬ್ಬರೂ ಕೂತರು.

"ನನ್ನಿಂದಲೇ ಹೀಗಾಯ್ತು ಅಂತ ಬೈಯಲಿಕ್ಕೆ ಬಂದದ್ದಾ?" ಅಮಿತಾ ಕೇಳಿದಳು.

"ಅಲ್ಲ. ಇವತ್ತು ಯಾರ ಹತ್ತಿರ ಹೋಗಿ ಕೂರಲಿ ಅಂತ ಯೋಚಿಸಿದೆ. ನಿಮ್ಮದೊಂದೇ ಮುಖ ನೆನಪಾಯ್ತು. ದಿನಾ ನೆನಪಾಗ್ತದೆ. ನಂಗೆ ನೀವು ಬೇಕು, ಅಮಿತಾ. ಆದ್ರೆ ಇಂಥ ಮನೆಗೆ ನಿಮ್ಮನ್ನು ಯಾವ ಬಾಯಲ್ಲಿ ಕರೀಲಿ?"

ಅವಳು ಬೆಂಚಿನ ಮೇಲೆ ಅವನ ಹತ್ತಿರಕ್ಕೆ ಸರಿದಳು.

"ನಂಗೂ ನೀವು ಬೇಕು," ಅಂದಳು ಮೆತ್ತಗೆ. "ಅವರು ಮಾತಾಡದಿದ್ರೆ ಬೇಡ. ಅಡುಗೆಮನೆಯಲ್ಲಿ ಅವರ ಪಕ್ಕ ಸುಮ್ಮನೆ ನಿಲ್ತೇನೆ. ಎಷ್ಟು ದಿನವಾದ್ರೂ ಸರಿ."

ಅವನ ಮನೆ ಕಡೆ ಹೋಗುವ ಠಾಣೆ ಟ್ರೈನ್ ಬಂತು. ಸುಜನ್ ಎದ್ದು ಕಣ್ಣೊರೆಸಿಕೊಂಡ. "ಲೇಡೀಸ್ ಡಬ್ಬ ಆ ಕಡೆ," ಅಂದ.

"ಗೊತ್ತು," ಅಂದು ಅಮಿತಾ ಅವನ ಹಿಂದೆಯೇ ಗಂಡಸರ ನೂಕುನುಗ್ಗಲಿನೊಳಗೆ ಹತ್ತಿದಳು.