ಚಂದ್ರಿಗೆ ಹೇಳಿದ ಮಾತು

"ಇದು ಮಾತೂ ಕೇಳಸ್ಕೊಂತೈತೇನ್ರಿ ಅಂಕಲ್?"

ಅನ್ನಪೂರ್ಣ ಗಾಜಿನ ಟೇಬಲ್ಲಿನ ಮೇಲೆ ಮೊಣಕೈ ಊರಿ, ಬಲ್ಬಿನ ಹಾಗೆ ದುಂಡಗಿದ್ದ ಕ್ಯಾಮೆರಾಕ್ಕೆ ಮೂಗು ತಾಗುವಷ್ಟು ಬಗ್ಗಿದ್ದಳು. ಕುಷ್ಟಗಿ ಬಸ್ ಸ್ಟ್ಯಾಂಡಿನ ಹತ್ತಿರದ ಆ ಅಂಗಡಿಯಲ್ಲಿ ಮೊಬೈಲ್ ಕವರು, ಚಾರ್ಜರು, ಟಾರ್ಚುಗಳ ಜೊತೆ ಕ್ಯಾಮೆರಾಗಳಿಗೂ ಒಂದು ಕಪಾಟು ಇತ್ತು.

"ಕೇಳಸ್ಕೊಂತೈತಿ, ತಿರಗತೈತಿ, ಕತ್ತಲದಾಗೂ ನೋಡತೈತಿ," ಎಂದ ಅಂಗಡಿಯ ಮುಜೀಬ. "ಮನ್ಯಾಗ ವೈಫೈ ಇಲ್ಲಂದ್ರೂ ನಡೀತೈತಿ. ಒಳಗ ಒಂದು ಸಿಮ್ ಹಾಕಿದ್ರ ಆತು. ಆದ್ರ ಅಕ್ಕಾರ, ನಿಮಗ ಬಾಗಲಾ ಒಂದು ಕಂಡ್ರ ಸಾಕಂದ್ರ ಈ ಸಣ್ಣದ ಛಲೋ ನೋಡ್ರಿ. ಒಂದ ಕಡಿ ನೋಡತೈತಿ, ಮಾತು ಕೇಳಸ್ಕೊಳ್ಳಂಗಿಲ್ಲ. ರೇಟೂ ಕಡಿಮಿ."

ಅವ್ವ ರೇಣುಕಾ ಸಣ್ಣದನ್ನೇ ಕೈಗೆ ತೆಗೆದುಕೊಂಡಳು. ನಾಲ್ಕು ಕ್ಯಾಮೆರಾ, ಒಂದು ಡಬ್ಬಿ, ಉದ್ದುದ್ದ ವೈರು ಇರುವ ದೊಡ್ಡ ಸೆಟ್ಟಿನ ಕಡೆ ಆಕೆ ತಿರುಗಿಯೂ ನೋಡಿರಲಿಲ್ಲ. ಅದು ಬಂಗಾರದ ಅಂಗಡಿಯವರಿಗೆ ಎಂದು ಮೊದಲೇ ಹೇಳಿಬಿಟ್ಟಿದ್ದಳು.

"ಇದ ಸಾಕಲ್ಲೇನು ಅನ್ನೂ? ನಮಗ ಬೇಕಾದ್ದು ಬಾಗಲಾ ಅಷ್ಟ."

"ಅವ್ವಾ, ಅದು ಕಿವುಡ ಕ್ಯಾಮೆರಾ! ಕಳ್ಳರು ಒಬ್ಬರ ಹೆಸರು ಒಬ್ಬರು ಕರದ್ರ ಕೇಳಬೇಕೋ ಬ್ಯಾಡೋ?"

ಕಳ್ಳರು ಹೆಸರು ಹಿಡಿದು ಕರೆದುಕೊಂಡು ಕದಿಯುತ್ತಾರೆಂದು ಆಕೆಗೆ ಯಾರು ಹೇಳಿದ್ದರೋ! ಆದರೂ ಅವ್ವ ಮೆತ್ತಗಾದಳು. ಅಪ್ಪ ವಿರುಪಾಕ್ಷಿ ಭತ್ತ ಕೊಯ್ಯುವ ಮಷಿನ್ ಓಡಿಸುತ್ತ ಸಿದ್ದಾಪುರದ ಕಡೆ ಹೋಗಿದ್ದ. ಸುಗ್ಗಿ ಮುಗಿಯುವ ತನಕ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಅಂಥದ್ದರಲ್ಲಿ ಹಿಂದಿನ ವಾರ ಅಂಗಳದಲ್ಲಿದ್ದ ತುಂಬಿದ ಗ್ಯಾಸ್ ಸಿಲಿಂಡರು ಹಾಡುಹಗಲೇ ಮಾಯವಾಗಿತ್ತು. ಕೊನೆಗೆ ತಿರುಗುವ, ಮಾತು ಕೇಳುವ ಕ್ಯಾಮೆರಾವೇ ಚೀಲಕ್ಕೆ ಬಿತ್ತು.

ನಿಜ ಹೇಳಬೇಕೆಂದರೆ, ಅಲ್ಲಿಯವರೆಗೆ ಅವರ ಓಣಿಗೆ ಕ್ಯಾಮೆರಾ ಎಂದರೆ ಹೊಳಿಯಮ್ಮಜ್ಜಿಯೇ.

ಅಜ್ಜಿಯದು ಎದುರು ಮನೆ. ಬೆಳಿಗ್ಗೆ ಮಗ, ಸೊಸೆ ಕೂಲಿಗೆ ಹೋದ ಮೇಲೆ ಆಕೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ಪಕ್ಕದಲ್ಲಿ ಆಕೆಯ ಆಡು, ಚಂದ್ರಿ. ಮೈಯೆಲ್ಲ ಕಪ್ಪು, ಹಣೆಗೆ ಮಾತ್ರ ಒಂದು ಬಿಳಿ ಬೊಟ್ಟು. ಓಣಿಯ ಮೂರ್ನಾಲ್ಕು ಮನೆಯವರು ಕೆಲಸಕ್ಕೆ ಹೋಗುವಾಗ ಕೀಲಿ ಅಜ್ಜಿಯ ಕೈಗೇ ಕೊಟ್ಟು ಹೋಗುತ್ತಿದ್ದರು. ಅವ್ವನಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಹೀಗಾಗಿ ಅನ್ನಪೂರ್ಣ ಸಾಲೆಯಿಂದ ಬಂದವಳೇ ಅಜ್ಜಿಯ ಸೊಂಟದ ಚೀಲದಿಂದ ಕೀಲಿ ತೆಗೆದುಕೊಂಡು, ಬ್ಯಾಗು ಒಳಗೆಸೆದು, ಅವ್ವ ಬರುವ ತನಕ ಅದೇ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂರುವುದು ರೂಢಿ. ಸಿಲಿಂಡರು ಹೋದ ದಿನ ಅಜ್ಜಿ ಮಂಗಳೂರಿನಲ್ಲಿರುವ ಮಗಳನ್ನು ನೋಡಲು ಹೋಗಿದ್ದಳು. ಕಳ್ಳನಿಗೆ ಅದೂ ಗೊತ್ತಿತ್ತೋ ಏನೋ.

ಕ್ಯಾಮೆರಾ ಬಾಗಿಲ ಮೇಲೆ ಏರಿತು. ಅಪ್ಪನ ಹಳೆಯ ಫೋನಿನಲ್ಲಿ ಅದರ ಆಪ್ ಕೂತಿತು. ಆ ಫೋನು ಮನೆಯಲ್ಲೇ ಇರುತ್ತಿತ್ತು, ಅಂದರೆ ಅನ್ನಪೂರ್ಣಳ ಕೈಯಲ್ಲೇ ಇರುತ್ತಿತ್ತು. ಮೊದಲ ಎರಡು ದಿನ ಮೋಜೋ ಮೋಜು. 'ಯಾರೋ ಬಂದಿದ್ದಾರೆ' ಎಂದು ಫೋನು ಕೂಗುವುದು, ಓಡಿ ನೋಡಿದರೆ ಕೋಳಿ. ಮತ್ತೆ ಕೂಗುವುದು, ನೋಡಿದರೆ ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲ.

ಪರದೆಯ ಮೇಲೆ ಬೆರಳು ತಳ್ಳಿದರೆ ಕ್ಯಾಮೆರಾ ಕತ್ತು ಹೊರಳಿಸುತ್ತದೆ ಎಂದು ಗೊತ್ತಾದದ್ದು ಮೂರನೆಯ ದಿನ. ಅದನ್ನು ಅಜ್ಜಿಯ ಕಟ್ಟೆಯ ಕಡೆ ಹೊರಳಿಸಿಟ್ಟು ಸಾಲೆಗೆ ಹೋದಳು. ಸಂಜೆ ಬಂದು, ಮಧ್ಯಾಹ್ನ ಏನೇನು ನಡೆದಿದೆ ಎಂದು ಹಿಂದಕ್ಕೆ ಓಡಿಸಿ ನೋಡಿದಳು. ಓಣಿ ಸಣ್ಣದು, ಮಧ್ಯಾಹ್ನ ನಿಶ್ಶಬ್ದ. ಅಜ್ಜಿಯ ಮಾತು ಕಿವಿಯ ಹತ್ತಿರ ಆಡಿದ ಹಾಗೆ ಕೇಳಿತು.

ಅಜ್ಜಿ ಮಡಿಲಲ್ಲಿ ತಾಟು ಇಟ್ಟುಕೊಂಡು ಚಂದ್ರಿಯ ಜೊತೆ ಮಾತಾಡುತ್ತಿದ್ದಳು.

"ಏ ಚಂದ್ರಿ, ನೀ ಅರ ಹೇಳು. ಈ ಕಡಕ್ ರೊಟ್ಟಿ ನಾ ಹ್ಯಾಂಗ ತಿನ್ಲಿ? ಬಾಯಾಗ ಉಳದಿದ್ದು ನಾಕ ಹಲ್ಲು. ಕಡದ್ರ ಹಲ್ಲ ಮುರೀತೈತೋ, ರೊಟ್ಟಿ ಮುರೀತೈತೋ, ನಾವಿಬ್ಬರೂ ಪಂದ್ಯಾ ಕಟ್ಟೂಣು ಬಾ."

"ಮ್ಯಾ," ಎಂದಿತು ಚಂದ್ರಿ.

"ಹಲ್ಲ ಅಂತೀಯಾ? ನಾನೂ ಹಂಗ ಅಂತೀನಿ."

ಅನ್ನಪೂರ್ಣ ನಕ್ಕು ನಕ್ಕು ಹಾಸಿಗೆಯ ಮೇಲೆ ಉರುಳಿದಳು. ಅಷ್ಟನ್ನೇ ಕತ್ತರಿಸಿ ಇಟ್ಟುಕೊಂಡಳು. ಮುಂದೆಯೂ ಅಜ್ಜಿ ಏನೋ ಹೇಳುತ್ತಿದ್ದಳು, ಆದರೆ ಅದರಲ್ಲಿ ನಗು ಬರುವಂಥದ್ದೇನೂ ಇದ್ದಂತೆ ಕಾಣಲಿಲ್ಲ.

ರವಿವಾರ ಬೇವಿನ ಗಿಡದ ಕೆಳಗೆ ಓಣಿಯ ಹುಡುಗರೆಲ್ಲ ಆ ಫೋನಿನ ಸುತ್ತ ಸೇರಿದರು. ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅನ್ನಪೂರ್ಣಳ ಕ್ಲಾಸಿನ ಕನಕರಾಜನಂತೂ ಬೆನ್ನು ಬಗ್ಗಿಸಿ ಅಜ್ಜಿಯಾದ, ಮರುಕ್ಷಣ ನಾಲ್ಕು ಕಾಲಿನ ಮೇಲೆ ನಿಂತು ಚಂದ್ರಿಯೂ ಆದ. "ಇನ್ನೊಮ್ಮಿ ಹಚ್ಚು, ಇನ್ನೊಮ್ಮಿ ಹಚ್ಚು!" ಎಂದು ಎಲ್ಲರೂ ಗೋಗರೆಯುವಾಗ ಅನ್ನಪೂರ್ಣಳಿಗೆ ತಾನು ಓಣಿಗೇ ರಾಣಿ ಎನ್ನಿಸಿತು.

ಸಂಜೆಯ ಹೊತ್ತಿಗೆ ಅದು ಹಾಡೇ ಆಗಿಬಿಟ್ಟಿತ್ತು. "ಹಲ್ಲ ಮುರೀತೈತೋ, ರೊಟ್ಟಿ ಮುರೀತೈತೋ!" ಎನ್ನುತ್ತ ಹುಡುಗರು ಟೈರು ಉರುಳಿಸುತ್ತಿದ್ದರು. ಅಜ್ಜಿಯ ಸೊಸೆ ಕಸ್ತೂರೆಮ್ಮ ಆಗಷ್ಟೇ ಹತ್ತಿ ಬಿಡಿಸಿ ಹೊಲದಿಂದ ಬರುತ್ತಿದ್ದಳು. ತಲೆಗೆ ಸುತ್ತಿದ ಟವೆಲ್ಲಿಗೆ ಹತ್ತಿಯ ಎಳೆಗಳು ಅಂಟಿದ್ದವು.

"ಏನ್ರೋ ಅದು ಹೊಸಾ ಹಾಡು?" ಎಂದು ನಗುತ್ತಲೇ ಕೇಳಿದಳು.

"ನಿಮ್ಮ ರೊಟ್ಟಿ ಮ್ಯಾಲಿಂದ್ರಿ!" ಎಂದ ಕನಕರಾಜ. "ನಿಮ್ಮತ್ತಿ ಚಂದ್ರಿ ಮುಂದ ಹೇಳ್ಯಾರ. ಅನ್ನೂನ ಫೋನ್‌ದಾಗ ಐತಿ."

ಕಸ್ತೂರೆಮ್ಮನ ನಗು ಅಲ್ಲಿಗೇ ನಿಂತಿತು. ಆಕೆ ಯಾರಿಗೂ ಬೈಯಲಿಲ್ಲ. ಟವೆಲ್ ಬಿಚ್ಚಿ, ಒಮ್ಮೆ ಝಾಡಿಸಿ, ಕಟ್ಟೆಯ ಮೇಲಿದ್ದ ಅತ್ತೆಯನ್ನು ನೋಡದೆ ಒಳಗೆ ಹೋದಳು. ಅಜ್ಜಿಯೂ ಎಲ್ಲ ಕೇಳಿಸಿಕೊಂಡಿದ್ದಳು. ಅನ್ನಪೂರ್ಣ ಫೋನನ್ನು ಬೆನ್ನ ಹಿಂದೆ ಅಡಗಿಸಿದಳು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ದೊಡ್ಡವರು ಹೇಳುವುದುಂಟು. ಇಲ್ಲಿ ಕೋಪ ಬರಬೇಕಾದದ್ದು ಯಾರ ಮೇಲೆ ಎಂದು ಆಕೆಗೆ ಚೆನ್ನಾಗಿಯೇ ಗೊತ್ತಿತ್ತು.

ಮರುದಿನ ಸಾಲೆ ಬಿಟ್ಟು ಬಂದರೆ ಕಟ್ಟೆ ಖಾಲಿ. ಚಂದ್ರಿ ಹಿತ್ತಲಿನಿಂದ ಒದರುತ್ತಿತ್ತು. ಅನ್ನಪೂರ್ಣ ಬಾಗಿಲು ಬಡಿದಳು.

"ಅಜ್ಜಿ, ಕೀಲಿ..."

ಬಾಗಿಲು ಒಂದು ಗೇಣು ತೆರೆಯಿತು. ಸುಕ್ಕುಗಟ್ಟಿದ ಕೈಯೊಂದು ಕೀಲಿ ಚಾಚಿತು. ಕೀಲಿ ತೆಗೆದುಕೊಂಡ ಕೂಡಲೇ ಬಾಗಿಲು ಮುಚ್ಚಿತು. "ಚಾ ಕುಡದು ಹೋಗು" ಎಂಬ ಮಾತಿಲ್ಲ, "ಇವತ್ತೇನು ಕಲಸಿದ್ರು ಸಾಲ್ಯಾಗ?" ಎಂಬ ಪ್ರಶ್ನೆಯಿಲ್ಲ.

ಅನ್ನಪೂರ್ಣ ಒಬ್ಬಳೇ ತನ್ನ ಮನೆಯಲ್ಲಿ ಕೂತಳು. ಗಡಿಯಾರದ ಸದ್ದು ಅಷ್ಟು ಜೋರಿದೆ ಎಂದು ಅವತ್ತೇ ಆಕೆಗೆ ಗೊತ್ತಾಯಿತು. ಫೋನು ತೆಗೆದು ನೋಡಿದಳು. ಬಾಗಿಲ ಮೇಲಿನ ಕ್ಯಾಮೆರಾ ಖಾಲಿ ಕಟ್ಟೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿತ್ತು.

ಬೇಸರಕ್ಕೆ ಆ ದಿನದ ಪೂರ್ತಿ ವಿಡಿಯೋವನ್ನೇ ಹಚ್ಚಿದಳು. ಈ ಸಲ ನಗು ಬರಲಿಲ್ಲ, ಅದಕ್ಕೇ ನಿಲ್ಲಿಸಲೂ ಇಲ್ಲ. ತಾನು ಕತ್ತರಿಸಿ ಬಿಟ್ಟಿದ್ದ ಮಾತು ಮುಂದುವರಿಯಿತು.

"ಸೊಸಿ ಮುಂದ ಹೇಳಬ್ಯಾಡ ಮತ್ತ. ಪಾಪ, ಬಿಸಲಾಗ ದುಡದು ಬರತೈತಿ ಅದು. ಪುರಸೊತ್ತಿಲ್ಲಂತ ವಾರದ ರೊಟ್ಟಿ ಒಂದ ದಿನಾ ಬಡದು ಇಡತೈತಿ. ಮೆತ್ತನ್ನ ರೊಟ್ಟಿ ಮಾಡಿಕೊಡು ಅಂದ್ರ ದಿನಾ ಮಾಡಿಕೊಡತೈತಿ, ಒಲ್ಲೆ ಅನ್ನಂಗಿಲ್ಲ. ಅದಕ್ಕ ನಾ ಕೇಳಂಗಿಲ್ಲ. ನಿನಗ ಹೇಳಿದೆ, ನನ್ನ ಮನಸು ಹಗುರಾತು. ನೀ ಯಾರ ಮುಂದೂ ಹೇಳಾಕಿ ಅಲ್ಲ."

ಚಂದ್ರಿ ಯಾರ ಮುಂದೂ ಹೇಳಿರಲಿಲ್ಲ. ಅನ್ನಪೂರ್ಣ ಫೋನನ್ನು ದಿಂಬಿನ ಕೆಳಗೆ ತುರುಕಿ ಅತ್ತಳು.

ಅವ್ವ ಬಂದಾಗ ಎಲ್ಲವನ್ನೂ ಹೇಳಿದಳು. ಅವ್ವ ಚಪ್ಪಲಿ ಬಿಡುವುದನ್ನು ಮರೆತು ಬಾಗಿಲಲ್ಲೇ ನಿಂತಿದ್ದಳು.

"ಆಸ್ಪತ್ರ್ಯಾಗ ಮಂದಿ ನನ್ನ ಮುಂದ ಏನೇನೋ ಹೇಳಕೊಂತಾರ. ನಾ ಒಂದರ ಮಾತು ಮನಿಗೆ ಬಂದು ಹೇಳೇನೇನು ಅನ್ನೂ?" ಎಂದಳು. ಎದುರು ಮನೆಯ ಕಡೆ ಕೈ ತೋರಿಸಿ, "ಹೋಗು. ನಾ ಬರಂಗಿಲ್ಲ. ನೀನ ಹೋಗು," ಎಂದಳು.

ಎದುರು ಮನೆಯಲ್ಲಿ ಕಸ್ತೂರೆಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅಜ್ಜಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅನ್ನಪೂರ್ಣ ಹೊಸ್ತಿಲಲ್ಲೇ ನಿಂತಳು.

"ಅಕ್ಕಾ, ತಪ್ಪಾತ್ರಿ. ನಾ ಹುಡುಗರಿಗೆ ಕೇಳಿಸಿದ್ದು ಅರ್ಧಾ ಅಷ್ಟ. ಮುಂದ ಅಜ್ಜಿ ನಿಮ್ಮ ಬಗ್ಗೆ ಭಾಳ ಛಲೋ ಹೇಳ್ಯಾಳ. ಕೇಳ್ರಿ, ಇದರಾಗ ಐತಿ," ಎಂದು ಫೋನು ಚಾಚಿದಳು.

"ಬ್ಯಾಡ," ಎಂದಳು ಕಸ್ತೂರೆಮ್ಮ. ಬಡಿಯುವ ಕೈ ನಿಲ್ಲಲಿಲ್ಲ. "ಅರ್ಧಾ ಕೇಳೇ ಹೊಟ್ಟಿ ತುಂಬೇತಿ ನನಗ. ಛಲೋ ಇರಲಿ, ಕೆಟ್ಟ ಇರಲಿ, ಅದು ನನಗಂತ ಹೇಳಿದ್ದಲ್ಲ. ನನಗ ಹೇಳೂದಿದ್ರ ನನ್ನ ಮುಂದ ಹೇಳ್ತಾರ."

ಅನ್ನಪೂರ್ಣ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಕಸ್ತೂರೆಮ್ಮ ಹಂಚಿನಿಂದ ಬಿಸಿ ರೊಟ್ಟಿ ತೆಗೆದು, ಬೆಣ್ಣೆ ಸವರಿ, ತಾಟನ್ನು ಅತ್ತೆಯ ಹತ್ತಿರ ಸರಿಸಿದಳು.

"ಏಳ್ರಿ ಅತ್ತಿ. ಮೆತ್ತಗೈತಿ. ಹಲ್ಲ ನೋಯತಿದ್ರ ನನಗೊಂದ ಮಾತು ಹೇಳಬಾರದೇನ್ರಿ?"

ಅಜ್ಜಿ ಗೋಡೆಯ ಕಡೆಯಿಂದ ಹೊರಳಲಿಲ್ಲ. "ನೀ ದಣದು ಬಂದಿರ್ತಿ," ಎಂದಳು, ಸಣ್ಣ ದನಿಯಲ್ಲಿ.

"ದಣದ್ರ ನನ್ನ ಕೈ ಬಿದ್ದು ಹೋಕ್ಕಾವೇನ್ರಿ?"

ಕಸ್ತೂರೆಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಜ್ಜಿ ನಿಧಾನಕ್ಕೆ ಎದ್ದು ಕೂತು, ಒಂದು ತುತ್ತು ಮುರಿದಳು. ಫೋನಿನಲ್ಲಿದ್ದ ಮಾತು ಈಗ ಯಾರಿಗೂ ಬೇಕಾಗಿರಲಿಲ್ಲ. ಅನ್ನಪೂರ್ಣ ಹೊರಗೆ ಬಂದು, ಅರ್ಧದ್ದೂ ಪೂರ್ತಿಯದೂ ಎರಡನ್ನೂ ಅಳಿಸಿದಳು. ಅಜ್ಜಿ ಮಾತ್ರ ಆಕೆಯ ಕಡೆ ಒಮ್ಮೆಯೂ ನೋಡಿರಲಿಲ್ಲ.

ಅವ್ವನಿಗೆ ರಜೆ ಸಿಕ್ಕ ದಿನ ತಾಯಿ ಮಗಳು ಮತ್ತೆ ಮುಜೀಬನ ಅಂಗಡಿಗೆ ಹೋದರು.

"ಯಾಕ್ರಿ ಅಕ್ಕಾರ, ಕೆಟ್ಟೈತೇನ್ರಿ?"

"ಕೆಟ್ಟಿಲ್ರಿ ಅಂಕಲ್," ಎಂದಳು ಅನ್ನಪೂರ್ಣ. "ಭಾಳ ಛಲೋ ಐತಿ. ಅದಕ್ಕ ಬ್ಯಾಡಾಗೇತಿ. ಅವತ್ತು ತೋರ್ಸಿದ್ರಲ್ಲ, ಆ ಸಣ್ಣದು ಕೊಡ್ರಿ. ಕಿವುಡದು."

ಮುಜೀಬ ಅವ್ವನ ಮುಖ ನೋಡಿದ. ಅವ್ವ ತಲೆಯಾಡಿಸಿದಳು. ಪ್ಯಾಕ್ ಒಡೆದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮೊದಲು ಗೊಣಗಿದ. ಆಮೇಲೆ, ಉಳಿದ ಹಣ ಕೇಳಬಾರದು ಎಂಬ ಮಾತಿನ ಮೇಲೆ ಬದಲಿಸಿ ಕೊಟ್ಟ. ಹೊಸ ಕ್ಯಾಮೆರಾ ಬಾಗಿಲ ಮೇಲಿನಿಂದ ತಮ್ಮ ಹೊಸ್ತಿಲು, ತಮ್ಮ ಅಂಗಳ ಇಷ್ಟನ್ನೇ ನೋಡುತ್ತಿತ್ತು. ಅದಕ್ಕೆ ಕತ್ತು ಹೊರಳಿಸಲು ಬರುತ್ತಿರಲಿಲ್ಲ.

ಆದರೂ ಕಟ್ಟೆ ಖಾಲಿಯೇ ಉಳಿಯಿತು. ದಿನವೂ ಒಂದು ಗೇಣು ಬಾಗಿಲು, ಒಂದು ಕೈ, ಒಂದು ಕೀಲಿ. ಅಜ್ಜಿ ಇನ್ನು ಹೊರಗೆ ಕೂರುವುದೇ ಇಲ್ಲವೇನೋ ಎಂದು ಅನ್ನಪೂರ್ಣಳಿಗೆ ಭಯವಾಗುತ್ತಿತ್ತು. ಹೇಗೆ ಕರೆಯಬೇಕು ಎಂದೂ ತಿಳಿಯುತ್ತಿರಲಿಲ್ಲ.

ಒಂದು ದಿನ ಸಾಲೆಯಿಂದ ಬಂದಾಗ ಓಣಿಯ ತಿರುವಿನಿಂದಲೇ ಆಡಿನ ದನಿ ಕೇಳಿತು. ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ಅನ್ನಪೂರ್ಣಳನ್ನು ಕಂಡರೂ ಕಾಣದವಳಂತೆ, ಚಂದ್ರಿಯ ಮುಂದೆ ತೊಪ್ಪಲು ಹಾಕುತ್ತಿದ್ದಳು. ಅನ್ನಪೂರ್ಣ ಕಟ್ಟೆಯ ತುದಿಯಲ್ಲಿ, ಬೀಳುವಷ್ಟು ಅಂಚಿನಲ್ಲಿ ಕೂತಳು.

"ಚಂದ್ರಿ," ಎಂದಳು ಅಜ್ಜಿ, "ಎದರ ಮನಿ ಹುಡುಗಿ ಬಂದಾಳ ನೋಡು. ಕೇಳು ಆಕಿನ್ನ, ಹೊಸಾ ಕ್ಯಾಮೆರಾ ತಂದಾರಲ್ಲ, ಅದಕ್ಕೂ ಕಿವಿ ಅದಾವೇನು ಅಂತ."

ಅನ್ನಪೂರ್ಣಳೂ ಚಂದ್ರಿಯನ್ನೇ ನೋಡುತ್ತ ಹೇಳಿದಳು, "ಚಂದ್ರಿ, ಅಜ್ಜಿಗೆ ಹೇಳು, ಅದಕ್ಕ ಕಿವಿ ಇಲ್ಲ."

"ಈ ಹುಡುಗಿಗೆ ಅದಾವಲ್ಲ?"

"ಅದಾವು. ಆದ್ರ ಬಾಯಿ ಇಲ್ಲ ಅಂತ ಹೇಳು."

ಅಜ್ಜಿಗೆ ತಡೆಯಲಾಗಲಿಲ್ಲ. ನಾಲ್ಕು ಹಲ್ಲೂ ಕಾಣುವಂತೆ ನಕ್ಕಳು. ಮುಂಗೈಯಿಂದ ಶೇಂಗಾದ ಬುಟ್ಟಿಯನ್ನು ಅನ್ನಪೂರ್ಣಳ ಕಡೆ ತಳ್ಳಿದಳು. ಆಮೇಲೆ ಚಂದ್ರಿಗೆ ಬಹಳ ಹೊತ್ತು ಏನೇನೋ ಹೇಳಿದಳು. ಸತ್ತುಹೋದ ಗಂಡನ ಸುದ್ದಿ ಇತ್ತು, ಮಂಗಳೂರಿನ ಮಗಳ ಸುದ್ದಿ ಇತ್ತು, ಒಂದೆರಡು ಸಲ ಅಜ್ಜಿಯ ದನಿ ನಡುಗಿತು ಕೂಡ. ಅನ್ನಪೂರ್ಣ ಶೇಂಗಾ ಸುಲಿಯುತ್ತ ಕೂತಿದ್ದಳು. ನಡುವೆ ಒಂದು ಮಾತೂ ಆಡಲಿಲ್ಲ.

ಹೊತ್ತು ಮುಳುಗುವಾಗ ಅವ್ವ ಬಂದಳು. ಇಬ್ಬರೂ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು, "ಅಜ್ಜಿ ಮಾತಾಡಿದ್ಲೇನು? ಏನಂದ್ಲು?"

ಅನ್ನಪೂರ್ಣ ಕೈಗೆ ಮೆತ್ತಿದ್ದ ಶೇಂಗಾದ ಸಿಪ್ಪೆ ಒರೆಸಿಕೊಂಡಳು.

"ನನಗೇನೂ ಹೇಳಿಲ್ಲವ್ವಾ," ಎಂದಳು. "ಚಂದ್ರಿಗೆ ಹೇಳಿದ್ಲು."