ಅಪ್ಪ ಹಾಕಿದ ಕಚ್ಚು

ಗಾಜಿನ ಪೆಟ್ಟಿಗೆಯೊಳಗೆ ಚರ್ಮದ ಮಗ್ಗ ಸದ್ದಿಲ್ಲದೆ ಓಡುತ್ತಿತ್ತು. ಕೂದಲಿಗಿಂತ ಸಣ್ಣ ಸೂಜಿಗಳು ಮೆತ್ತನೆಯ ಎಲುಬಿನ ಅಚ್ಚಿನ ಮೇಲೆ ಪದರ ಪದರವಾಗಿ ಚರ್ಮ ಹೆಣೆಯುತ್ತಿದ್ದವು. ಲಗಮವ್ವನ ಎಡಗಿವಿಯ ಹಿಂದಿನಿಂದ ತೆಗೆದ ಉಗುರಗಲದ ತೊಗಲೇ ಅದಕ್ಕೆ ಬೀಜ. ಒಂಬತ್ತನೆಯ ದಿನಕ್ಕೆ ಅವಳ ಬಲಗಿವಿ ಬೆಳೆದು ನಿಂತಿತು.

"ರೊಟ್ಟಿ ಬಡಿದಂಗ ಕಿವಿ ಬಡೀತೀರಲ್ರೀ ನೀವು!" ಎಂದಳು ಲಗಮವ್ವ.

ಮಗ್ಗವನ್ನು ಕಂಡುಹಿಡಿದ ಡಾಕ್ಟರ್ ಶಾಕಿರಾ ನದಾಫ್ ನಕ್ಕರು. "ಎಡಗಿವಿ ಕನ್ನಡ್ಯಾಗ ಕಂಡಂಗ ಐತಿ ನೋಡವ್ವ. ಒಂದು ಕೂದಲೆಳಿ ಹೆಚ್ಚುಕಮ್ಮಿ ಇಲ್ಲ."

ಲಗಮವ್ವ ಏನೋ ಹೇಳಲು ಹೋಗಿ, ನಾಚಿ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು.

ಎರಡು ವರ್ಷದ ಹಿಂದೆ ಕುರಿಮರಿಯೊಂದನ್ನು ಬಿಡಿಸಿಕೊಳ್ಳಲು ಹೋದಾಗ ತೋಳ ಅವಳ ಬಲಗಿವಿಯನ್ನು ಹರಿದೊಯ್ದಿತ್ತು. ಹೊರಗಿವಿಯ ಮಡಿಕೆಗಳು ಸದ್ದನ್ನು ಬಾಗಿಸಿ, ಅದು ಮುಂದಿನದೋ ಹಿಂದಿನದೋ ಎಂದು ಮಿದುಳಿಗೆ ತಿಳಿಸುತ್ತವೆ. ಅದು ಹೋದ ಮೇಲೆ ಮರಿ ಅರಚಿದ್ದು ಕೇಳುತ್ತಿತ್ತೇ ಹೊರತು ದಿಕ್ಕು ಹೊಳೆಯುತ್ತಿರಲಿಲ್ಲ. ಅವಳು ಕಾಯುತ್ತಿದ್ದ ಕುರಿಹಿಂಡು ಮೈದುನ ಹನುಮಪ್ಪನ ಕೈಗೆ ಹೋಯಿತು. ಅವಳ ಪಾಲಿಗೆ ಉಳಿದದ್ದು ಹಟ್ಟಿಯ ಕಸ.

ನಾಟಿ ಮಾಡಿದ ಹೊಸ ಕಿವಿಗೆ ರಕ್ತ ಹರಿದು, ಮೂರು ತಿಂಗಳಲ್ಲಿ ಅದು ಮೈಬಣ್ಣಕ್ಕೆ ಕೂಡಿಕೊಂಡಿತು. ಆದರೆ ಜಾಲಿಯ ಮರೆಯಲ್ಲಿ ಅರಚಿದ ಮರಿಯನ್ನು ಹುಡುಕುತ್ತ ಲಗಮವ್ವ ಬೇರೆ ದಿಕ್ಕಿನ ಹಳ್ಳಕ್ಕಿಳಿದಳು.

"ಅತ್ತಿಗೀ, ಕಿವಿ ಭಾಳ ಚಂದ ಕೂತೈತಿ," ಎಂದ ಹನುಮಪ್ಪ. "ಮರಿ ಅಷ್ಟ ಈ ಕಡೆ ಐತಿ!"

ಮರುದಿನವೇ ಅವಳು ಡಾಕ್ಟರ ಮುಂದೆ ಕೂತಳು.

"ನನ್ನ ಕಿವಿ ಹಿಂಗ ನೆಟ್ಟಗ ಇರಲಿಲ್ರೀ. ನನಗಿಂತ ಮುಂಚೆ ಮೂರು ಕೂಸು ಹೋಗಿದ್ವು. ಇದಕ್ಕ ಧಣಿ ಅದಾನ, ಮುಟ್ಟಬ್ಯಾಡ ಅಂತ ಸಾವಿಗೆ ತಿಳೀಲಿ ಅಂತ ನಮ್ಮಪ್ಪ ಗುರುತಿಗಂತ ಕುರಿಮರಿ ಕಿವಿಯಂಚಿಗೆ ಕತ್ತರೀಲೆ ಹಾಕೂ ಕಚ್ಚು ನನ್ನ ಬಲಗಿವಿಗೂ ಹಾಕಿದ್ದ. ಹೇಳಾಕ ನಾಚಿಕಿ ಬಂತು."

ಶಾಕಿರಾ ತಲೆ ಮೇಲೆ ಕೈಯಿಟ್ಟುಕೊಂಡರು. "ಐವತ್ತು ವರ್ಷ ನಿನ್ನ ಮಿದುಳು ಆ ಕಚ್ಚಿನ ಕಿವೀಲೆ ಕೇಳಿ ಕಲತೈತಿ. ತಪ್ಪು ನಂದು, ನಾನು ಕೇಳಬೇಕಿತ್ತು. ಹಳೇ ಫೋಟೋ ತಗೊಂಡು ಬಾ."

ಬಾಲ್ಯದವು, ಮದುವೆಯವು, ನೂರಾರು ಫೋಟೋ ಸಿಕ್ಕವು. ಒಂದರಲ್ಲೂ ಕಚ್ಚು ಕಾಣಲಿಲ್ಲ. ಆ ಕಾಲದ ಮೊಬೈಲುಗಳು ಮುಖ ತಿದ್ದುವಾಗ ಅದನ್ನೂ ಕುಂದೆಂದು ಎಣಿಸಿ ಅಳಿಸಿಬಿಟ್ಟಿದ್ದವು.

"ಫೋಟೋ ಹಾಳಾಗಿ ಹೋಗಲಿ," ಎಂದಳು ಲಗಮವ್ವ. "ಕುರಿ ಅದಾವಲ್ರೀ! ಅಪ್ಪ ಹಿಂಡಿನ ಜೋಡಿ ಕತ್ತರೀನೂ ನನಗ ಕೊಟ್ಟಾನ. ಅದ ಕತ್ತರಿ, ಅದ ಕಚ್ಚು."

ಡಾಕ್ಟರು ಹಟ್ಟಿಗೇ ಬಂದರು. ಹನುಮಪ್ಪ ಕುರಿಯೊಂದರ ಕೊರಳು ಹಿಡಿದು, "ತಲಿ ಅಲಗಾಡಿಸಬ್ಯಾಡ ತಾಯಿ, ನಮ್ಮ ಅತ್ತಿಗಿಗೆ ನಿನ್ನ ಕಿವಿ ಬೇಕಂತ," ಎಂದ. ಕಿವಿಯಂಚಿನ ಜೋಳದ ಕಾಳಿನಷ್ಟು ಕಚ್ಚನ್ನು ಶಾಕಿರಾ ಅಳೆದುಕೊಂಡರು. ಮಗ್ಗ ಆ ಕಚ್ಚಿನ ಅಂಚನ್ನು ಹೊಸದಾಗಿ ಹೆಣೆದುಕೊಟ್ಟಿತು, ಶಾಕಿರಾ ಅದನ್ನು ಲಗಮವ್ವನ ಕಿವಿಗೆ ಕೂಡಿಸಿದರು.

ತಿಂಗಳಾದ ಮೇಲೆ ಒಂದು ಮುಂಜಾನೆ ಎಲ್ಲೋ ಮರಿ ಅರಚಿತು. ಹನುಮಪ್ಪ ಹಳ್ಳದ ಕಡೆ ತಿರುಗಿದ. ಲಗಮವ್ವ ನಿಲ್ಲಲಿಲ್ಲ, ತಡವರಿಸಲಿಲ್ಲ. ದಿಬ್ಬ ಹತ್ತಿ, ಬಂಡೆ ಬಳಸಿ, ಮುಳ್ಳುಕಂಟಿಯೊಳಗಿಂದ ಮರಿಯನ್ನು ಎತ್ತಿಕೊಂಡು ಬಂದಳು. ಹನುಮಪ್ಪ ಕುರಿ ಕಾಯುವ ಕೋಲನ್ನು ತಾನಾಗಿ ಅವಳ ಕೈಗಿಟ್ಟ.

"ಹಂಗ ನಿಲ್ಲವ್ವ," ಎಂದು ನೋಡಲು ಬಂದಿದ್ದ ಶಾಕಿರಾ ಮೊಬೈಲು ಎತ್ತಿದರು.

ಲಗಮವ್ವ ಸೆರಗು ಸರಿಸಿ ಬಲಗಿವಿ ತೋರಿಸಿದಳು. "ಅಪ್ಪನ ಕಚ್ಚು ಅಳಿಸೀತು ಅದು, ನೋಡ್ರಿ ಮತ್ತ."

ಮುಖ ತಿದ್ದುವುದನ್ನು ನಿಲ್ಲಿಸುವ ಗುಂಡಿಗಾಗಿ ಡಾಕ್ಟರು ಬಹಳ ಹೊತ್ತು ಹುಡುಕಿದರು. ಲಗಮವ್ವ ಕೂಸಾಗಿದ್ದ ಕಾಲದಿಂದಲೂ ಅದು ಎಲ್ಲ ಮೊಬೈಲಿನಲ್ಲೂ ಇತ್ತು. ಯಾರೂ ಒತ್ತಿರಲಿಲ್ಲ.